ಜೋಕಿನ ಡೈರಿ ಮುಚ್ಚಿಟ್ಟ ಮೇಲೆ

ನಗೆಹಬ್ಬಗಳಲ್ಲಿ ಇಪ್ಪತ್ತು ನಿಮಿಷ ಮಾತನಾಡಿ, ಶಾಲು, ಹಾರ ಮತ್ತು ಎರಡು–ಮೂರು ಸಾವಿರ ಗೌರವಧನದೊಂದಿಗೆ ಬಳ್ಳಾರಿಗೆ ಮರಳುತ್ತ ಹತ್ತು ವರ್ಷ ಕಳೆದೆ. ಒಂದೂ ಜೋಕು ಹೇಳದೆ, ನಮ್ಮ ಕೌಲ್ ಬಜಾರಿನ ಜನರನ್ನೇ ಅಭಿನಯಿಸಿ ಒಂದು ಗಂಟೆ ಒಬ್ಬನೇ ನಡೆಸುತ್ತೇನೆ ಎಂದಾಗ, "ಜೋಕಿಲ್ದಂಗ ಜನ ಕುಂದ್ರತಾರೇನ್ರಿ?" ಎಂದು ಜೊತೆಯ ಕಲಾವಿದರೇ ಕೇಳಿದರು.

ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಹಾಸ್ಯ ಕಲಾವಿದ ರಿಚರ್ಡ್ ಪ್ರಯರ್ ಅವರ ಬದುಕು. 1940ರಲ್ಲಿ ಪಿಯೋರಿಯಾದಲ್ಲಿ ಹುಟ್ಟಿ, ಅಜ್ಜಿ ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ ಬೆಳೆದ ಅವರು ಮೊದಮೊದಲು ಆಗಿನ ಜನಪ್ರಿಯ ಹಾಸ್ಯಗಾರ ಬಿಲ್ ಕಾಸ್ಬಿಯ ಜಾಡಿನಲ್ಲಿ ನಯವಾದ ಹಾಸ್ಯ ಮಾಡಿ ಹೆಸರಾಗಿದ್ದರು. 1967ರಲ್ಲಿ ಲಾಸ್ ವೇಗಸ್‌ನಲ್ಲಿ ಕಿಕ್ಕಿರಿದ ಸಭೆಯ ಮುಂದೆ, ಇಲ್ಲಿ ನನಗೇನು ಕೆಲಸ ಎಂದು ತಮ್ಮನ್ನೇ ಕೇಳಿಕೊಂಡು ವೇದಿಕೆ ಇಳಿದುಬಿಟ್ಟರು. ಮುಂದೆ ಅವರು ಕಟ್ಟಿದ ಹಾಸ್ಯದಲ್ಲಿ ಬೀದಿಯ ಕುಡುಕರು, ಮುದುಕರು ತಮ್ಮದೇ ನುಡಿಯಲ್ಲಿ ಮಾತನಾಡಿದರು. 1979ರಲ್ಲಿ ತೆರೆಕಂಡ ಪ್ರದರ್ಶನದಲ್ಲಿ ಅವರು ತಮ್ಮ ಹೃದಯಾಘಾತವನ್ನೇ ಅಭಿನಯಿಸುವ ಭಾಗವನ್ನು ನಾನು ನಲವತ್ತು ಸಲವಾದರೂ ನೋಡಿರಬೇಕು. ಹೃದಯವೇ ಅವರನ್ನು ಗದರಿಸುತ್ತದೆ, ಮುಷ್ಟಿ ಎದೆಯನ್ನು ಹಿಂಡುತ್ತದೆ, ದೇಹ ನೆಲಕ್ಕೆ ಕುಸಿಯುತ್ತದೆ, ಸಭೆ ಬಿದ್ದು ಬಿದ್ದು ನಗುತ್ತದೆ. ಅವರು ಸಿನಿಮಾಗಳಲ್ಲಿ ಕೋಟಿಗಟ್ಟಲೆ ಗಳಿಸಿದರೂ ಆ ಕೆಲವು ನಿಮಿಷಗಳಿಗೆ ಸಮನಾದ ನಟನೆ ಅಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಪ್ರಯೋಗ ಗಂಗಾವತಿಯಲ್ಲಿ ನಡೆದು ಸುಮಾರು ಹದಿನೆಂಟು ಸಾವಿರ ಕೈಬಿಟ್ಟಿತು. ಏಳು ಪಾತ್ರಗಳಿಗೆ ಏಳು ಟವೆಲ್, ಕನ್ನಡಕ ಬದಲಿಸುತ್ತಿದ್ದೆನಾದ್ದರಿಂದ ಜನ ನನ್ನ ಕೈಯನ್ನು ನೋಡಿದರೇ ಹೊರತು ಮುಖವನ್ನಲ್ಲ. ಸಾಲದ್ದಕ್ಕೆ, ಎಲ್ಲರಿಗೂ ತಿಳಿಯಲೆಂದು ನಮ್ಮ ಮಾತನ್ನು ಬೆಂಗಳೂರಿನ ಮಾತಾಗಿ ತಿದ್ದಿಕೊಂಡಿದ್ದೆ. ಕೊಪ್ಪಳದಲ್ಲಿ ಸಂಘಟಕರೊಬ್ಬರು ಜೋಕು ಹೇಳಲಿಲ್ಲವೆಂಬ ಕಾರಣಕ್ಕೆ ಅರ್ಧ ಹಣವನ್ನೇ ಕೊಟ್ಟರು.

ಆಮೇಲೆ ಮೂರೇ ಪಾತ್ರ ಉಳಿಸಿಕೊಂಡೆ. ಸುಮಾರು ಒಂದು ವರ್ಷ ಪ್ರತಿ ಭಾನುವಾರ ಗೆಳೆಯನ ಮಾಳಿಗೆಯ ಮೇಲೆ ಇಪ್ಪತ್ತು ಜನರ ಮುಂದೆ ಹದಿನೈದು ನಿಮಿಷ ಮಾಡಿ, ಮೊಬೈಲಿನಲ್ಲಿ ಧ್ವನಿ ಹಿಡಿದು, ನಗುವಿಗಿಂತ ಹೆಚ್ಚಾಗಿ ಕೆಮ್ಮನ್ನು ಎಣಿಸಿದೆ. ಕೆಮ್ಮು ಕೇಳಿಸಿದ ಕಡೆಯೆಲ್ಲ ಕತ್ತರಿ ಹಾಕಿದೆ. ಒಂದು ಪಾತ್ರದಿಂದ ಇನ್ನೊಂದಕ್ಕೆ ದಾಟುವಾಗ ಉಸಿರಿನಲ್ಲಿ ಮಾಡುವ ಒಂದು ಕೆಲಸವಿದೆ. ಅದನ್ನು ಕಂಡುಕೊಳ್ಳಲು ನನಗೆ ಎಂಟು ತಿಂಗಳು ಹಿಡಿದಿದ್ದರಿಂದ ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಪ್ರಯರ್ 1980ರಲ್ಲಿ ಮೈ ಸುಟ್ಟುಕೊಂಡು ಸಾವಿನ ಬಾಯಿಂದ ಬಂದವರು, 1982ರ ಪ್ರದರ್ಶನದಲ್ಲಿ ಅದನ್ನೇ ಹೇಳಿ ನಗಿಸಿದರು. ಅದನ್ನು ನೆನೆದು, ಲಕ್ವ ಹೊಡೆದ ಅಪ್ಪ ಒಂದೇ ಕೈಯಲ್ಲಿ ಎಲೆ–ಅಡಿಕೆ ಹಾಕಿಕೊಳ್ಳುತ್ತಿದ್ದುದನ್ನು ಸೇರಿಸಲು ಹೋಗಿ ನಾಲ್ಕು ಸಲ ಗಂಟಲು ಕಟ್ಟಿತು. "ಮಾಡಪ್ಪಾ, ನಿಮ್ಮಪ್ಪ ಇದ್ದಿದ್ರ ಅವನೂ ನಗತಿದ್ದ" ಎಂದು ಅವ್ವ ಹೇಳಿದ ಮೇಲೆ ಐದನೆಯ ಸಲ ಕೂಡಿಬಂತು.

ಬಳ್ಳಾರಿಯಲ್ಲಿ ನೂರೈವತ್ತು ರೂಪಾಯಿ ಟಿಕೆಟ್ ಇಟ್ಟೆ. ಸುಮಾರು ಇನ್ನೂರೆಂಬತ್ತು ಜನ ಬಂದರು. ಬಾಡಿಗೆ, ಮೈಕು, ಪೋಸ್ಟರು ಕಳೆದು ಇಪ್ಪತ್ತು ಸಾವಿರದ ಆಸುಪಾಸು ಕೈಗೆ ಉಳಿಯಿತು. ಒಬ್ಬರೂ ನಡುವೆ ಏಳಲಿಲ್ಲ. ಮೊದಲು ಅನುಮಾನಿಸಿದ್ದ ಇಬ್ಬರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಆಟ ಮುಗಿದ ಮೇಲೆ, ನಾನು ಅಭಿನಯಿಸಿದ ಜೀನ್ಸ್ ಹೊಲಿಯುವ ದರ್ಜಿಯೇ ತೆರೆಯ ಹಿಂದೆ ಬಂದು ನನ್ನ ಕೈ ಹಿಡಿದರು. "ಅಣ್ಣಾ, ದಾರ ನಾನು ಎಡಗಡೆ ಹಲ್ಲಿಲೆ ಕಡೀತೀನಿ, ನೀವು ಬಲಗಡೆ ಕಡದ್ರಿ" ಎಂದರು. ರಾಯಚೂರಿನ ಪ್ರದರ್ಶನದಲ್ಲಿ ಎಡಗಡೆಯೇ ಕಡಿದೆ.