ದವಡೆ ಮೇಲಿನ ಮಚ್ಚೆ ತೆಗೆಸಿದ್ದು: ನನ್ನ ಅನುಭವ

ನನ್ನ ಎಡದವಡೆ ಮೇಲೆ ಉಬ್ಬಿದ ಮಚ್ಚೆಯೊಂದಿತ್ತು. ಚಿಕ್ಕಂದಿನಲ್ಲಿ ಚಪ್ಪಟೆಯಾಗಿದ್ದದ್ದು ವರ್ಷ ಕಳೆದಂತೆ ಎದ್ದುಬಂತು. ಶೇವ್ ಮಾಡುವಾಗ ಬ್ಲೇಡ್ ತಾಗಿ ರಕ್ತ ಬರುತ್ತಿತ್ತು. ಆನ್‌ಲೈನ್‌ನಲ್ಲಿ ಮಚ್ಚೆ ತೆಗೆಯುವ ಕ್ರೀಮ್ ತರಿಸಿದ್ದೆ. ಹಚ್ಚೋಕೆ ಧೈರ್ಯ ಬರದೆ ಚರ್ಮದ ಡಾಕ್ಟರ ಹತ್ತಿರ ಹೋದೆ.

"ಹಚ್ಚದೆ ಇದ್ದದ್ದು ಒಳ್ಳೇದಾಯ್ತು. ಮೇಲಿನ ಚರ್ಮ ಸುಡುತ್ತೆ, ಒಳಗಿನದು ಹಾಗೇ ಉಳಿಯುತ್ತೆ" ಎಂದರು. ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿ ಹಿಡಿದು ನೋಡಿದರು. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಅವು ಒಂದೇ ಕಡೆ ಗುಂಪುಗೂಡಿದರೆ ಮಚ್ಚೆ. ದೊಡ್ಡವರ ಮೈಮೇಲೆ 10ರಿಂದ 40 ಇರುವುದು ಸಾಮಾನ್ಯವಂತೆ. ಬಿಸಿಲು ಜಾಸ್ತಿ ಬಿದ್ದವರಿಗೆ ಇನ್ನೂ ಹೆಚ್ಚು.

"ಲೇಸರ್‌ನಲ್ಲಿ ಸುಟ್ಟುಬಿಡಬಹುದಲ್ವಾ?" ಎಂದು ಕೇಳಿದೆ. "ಸುಟ್ಟರೆ ಲ್ಯಾಬಿಗೆ ಏನು ಕಳಿಸೋದು?" ಎಂದರು. ಇದು ನನಗೆ ಹೊಳೆದೇ ಇರಲಿಲ್ಲ. ಕ್ಯಾನ್ಸರ್ ಅನುಮಾನ ಇರುವ ಮಚ್ಚೆಯನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ಹೊಲಿಗೆ ಹಾಕುತ್ತಾರೆ. ನನ್ನದರಲ್ಲಿ ಅನುಮಾನ ಕಾಣಲಿಲ್ಲ. ಹಾಗಾಗಿ ಚರ್ಮದ ಮಟ್ಟಕ್ಕೆ ಹೆರೆದು ತೆಗೆಯೋಣ ಎಂದರು. ಹೊಲಿಗೆ ಬೇಡ, ಆದರೆ ಆಳದಲ್ಲಿ ಕೋಶ ಉಳಿದರೆ ಮತ್ತೆ ಮೂಡಬಹುದು ಎಂದೂ ಮೊದಲೇ ಹೇಳಿದರು.

ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಉರಿಯಿತು, ಎಣಿಸಿ ಹತ್ತು ಸೆಕೆಂಡ್. ಆಮೇಲೆ ಯಾರೋ ಬೆರಳಿನಿಂದ ದವಡೆ ಒತ್ತಿದ ಹಾಗಷ್ಟೇ. ತೆಗೆದ ತುಂಡನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಪುಟ್ಟ ಬಾಟಲಿಗೆ ಹಾಕಿ ತೋರಿಸಿದರು. ಬೇಳೆಯಷ್ಟಿತ್ತು. ಕನ್ನಡಿಯಲ್ಲಿ ಇಷ್ಟು ವರ್ಷ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು ಅದು!

ಗಾಯ ಒಣಗಿಸಬೇಕು ಎಂದುಕೊಂಡಿದ್ದೆ, ಅದು ತಪ್ಪು. ದಿನವೂ ತೊಳೆದು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಪಟ್ಟಿ ಹಾಕಬೇಕು. ಐದನೇ ದಿನ ತುರಿಕೆ ತಡೆಯದೆ ಹಕ್ಕಳೆ ಕಿತ್ತೆ. ಅಲ್ಲೊಂದು ಸಣ್ಣ ಗುಳಿ ಉಳಿದಿದೆ. ನೀವು ಖಂಡಿತ ಕೀಳಬೇಡಿ. ಗುಲಾಬಿ ಬಣ್ಣ ಹೋಗಲು ತಿಂಗಳುಗಳೇ ಬೇಕಾದವು. ಅಷ್ಟೂ ದಿನ ಸನ್‌ಸ್ಕ್ರೀನ್ ಹಚ್ಚಿದೆ.

ವಾರದ ನಂತರ ರಿಪೋರ್ಟ್ ಬಂತು. ಅಪಾಯವಿಲ್ಲದ ಮಚ್ಚೆ. ಓದಿ ಮುಗಿಸುವ ತನಕ ಉಸಿರು ಬಿಗಿಹಿಡಿದಿದ್ದೆ.

ರಿಪೋರ್ಟ್ ತೋರಿಸಲು ಹೋದ ದಿನ ಡಾಕ್ಟರು ಬೆನ್ನನ್ನೂ ನೋಡಿದರು. ಎರಡು ಅರ್ಧ ಒಂದೇ ಥರ ಇಲ್ಲದಿದ್ದರೆ, ಅಂಚು ಒರಟಾಗಿದ್ದರೆ, ಒಂದರಲ್ಲೇ ಹಲವು ಬಣ್ಣ ಇದ್ದರೆ, 6 ಮಿಲಿಮೀಟರ್ ದಾಟಿದ್ದರೆ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯ, ಇರುವ ಮಚ್ಚೆ ಬದಲಾಗುತ್ತಿದ್ದರೆ ತಡಮಾಡಲೇಬಾರದು. ಈಗ ತಿಂಗಳಿಗೊಮ್ಮೆ ಹೆಂಡತಿ ನನ್ನ ಬೆನ್ನಿನ ಫೋಟೋ ತೆಗೆಯುತ್ತಾಳೆ. ಹಿಂದಿನ ತಿಂಗಳದ್ದರ ಪಕ್ಕ ಇಟ್ಟು ಇಬ್ಬರೂ ನೋಡುತ್ತೇವೆ.