ಕೇಬಲ್, ಡಿಶ್, ವೈರ್‌ಲೆಸ್: ಮೂರನ್ನೂ ಹಾಕಿದವನ ಅನುಭವ

ಟಿವಿ ಸಿಗ್ನಲ್ ಮನೆಗೆ ತಲುಪಿಸುವುದೇ ನನ್ನ ಕೆಲಸ. ಕೇಬಲ್ ಎಳೆದಿದ್ದೇನೆ, ಡಿಶ್ ಕೂರಿಸಿದ್ದೇನೆ, ಮೈಕ್ರೋವೇವ್ ಆಂಟೆನಾನೂ ಕಟ್ಟಿದ್ದೇನೆ. ಮೂರರಲ್ಲಿ ಯಾವುದು ಒಳ್ಳೇದು ಅಂತ ಕೇಳಿದರೆ ನಾನು ವಾಪಸ್ ಕೇಳೋದು ಒಂದೇ: ಪಕ್ಕದ ಮನೆ ಎಷ್ಟು ದೂರ?

ಮನೆಗಳು ಒತ್ತೊತ್ತಾಗಿದ್ದರೆ ಕೇಬಲ್‌ಗೆ ಸಾಟಿಯಿಲ್ಲ. ಒಂದೇ ಲೈನಿನಿಂದ ಎಷ್ಟೋ ಮನೆಗೆ ಕವಲು ಕೊಡಬಹುದು. ದೂರವಾದಷ್ಟೂ ಸಿಗ್ನಲ್ ಸೊರಗುತ್ತದೆ, ಅದರಲ್ಲೂ ಹೆಚ್ಚಿನ ಫ್ರೀಕ್ವೆನ್ಸಿಯ ಚಾನೆಲ್‌ಗಳು ಮೊದಲು. ಆಂಪ್ಲಿಫೈಯರ್ ಹಾಕಿದರೆ ಸಿಗ್ನಲ್ ಜೊತೆ ನಾಯ್ಸೂ (ಸಿಗ್ನಲ್ ಕೆಡಿಸುವ ಬೇಡದ ಕಲಬೆರಕೆ) ಏರುತ್ತದೆ, ತನ್ನದೂ ಒಂದಿಷ್ಟು ಸೇರಿಸುತ್ತದೆ. ಬೀದಿ ಹತ್ತಿರದವರೆಗೆ ಫೈಬರ್ ಬಂದ ಮೇಲೆ ಈ ಕಾಟ ತಗ್ಗಿತು.

ಡಿಶ್‌ಗೆ ದೂರದ ಚಿಂತೆಯೇ ಇಲ್ಲ. ಉಪಗ್ರಹ ಇರೋದು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಅದಕ್ಕೆ ಒಂಟಿಮನೆಯೂ ಒಂದೇ, ದೊಡ್ಡ ಊರೂ ಒಂದೇ. ಆದರೆ ಕೂರಿಸುವಾಗ ತಾಳ್ಮೆ ಬೇಕು. ಹೊಸಬರು ಮೀಟರಿನಲ್ಲಿ ಲೆವೆಲ್ (ಸಿಗ್ನಲ್ ಎಷ್ಟು ಜೋರು ಅನ್ನೋದು) ನೋಡಿ ಬೋಲ್ಟ್ ಬಿಗಿದುಬಿಡುತ್ತಾರೆ. ಪಕ್ಕದ ಉಪಗ್ರಹ ಸಿಕ್ಕರೂ ಲೆವೆಲ್ ಬರುತ್ತದೆ ಅಲ್ವಾ! ನಾನು ನೋಡೋದು ಕ್ವಾಲಿಟಿ, ಅಂದರೆ ಬೇಕಾದ ಸಿಗ್ನಲ್ ಎಷ್ಟು ಸ್ವಚ್ಛ ಅನ್ನೋದು. ಚಿತ್ರ ಬಂತು ಅಂತ ಅಲ್ಲಿಗೇ ನಿಲ್ಲಿಸದೆ ಡಿಶ್ಶನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತೇನೆ, ಆಮೇಲೆ ಡಿಶ್ ಎದುರು ಸಿಗ್ನಲ್ ಹಿಡಿಯುವ ಪುಟ್ಟ ಭಾಗವಾದ ಎಲ್‌ಎನ್‌ಬಿ ತಿರುಗಿಸಿ ಇನ್ನಷ್ಟು ಹಿಂಡುತ್ತೇನೆ. ಆ ಹೆಚ್ಚುವರಿ ಬೇಕಾಗೋದು ಮಳೆಗೆ. ಮನೆ ಡಿಶ್ ಬಳಸುವ ಫ್ರೀಕ್ವೆನ್ಸಿ ಪಟ್ಟಿ, ಅಂದರೆ ಕೆಯು ಬ್ಯಾಂಡ್, ಇರೋದು 12 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಜೋರು ಮಳೆ ಅದನ್ನು ನುಂಗುತ್ತದೆ. ಡಿಜಿಟಲ್‌ನಲ್ಲಿ ಚಿತ್ರ ನಿಧಾನಕ್ಕೆ ಮಸುಕಾಗಲ್ಲ, ಚೌಕಚೌಕವಾಗಿ ಒಡೆದು ಪೂರ್ತಿ ಹೋಗುತ್ತದೆ. 4 ಗಿಗಾಹರ್ಟ್ಸ್ ಸುತ್ತಲಿನ ಸಿ ಬ್ಯಾಂಡ್ ಮಳೆಯನ್ನು ತಾಳಿಕೊಳ್ಳುತ್ತದೆ, ಆದರೆ ಅಷ್ಟು ದೊಡ್ಡ ಡಿಶ್ಶನ್ನು ಮನೆ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ?

ವೈರ್‌ಲೆಸ್ ಕೇಬಲ್ ಅಂತ ಕರೆಯುತ್ತಿದ್ದ ಮೈಕ್ರೋವೇವ್ ಪದ್ಧತಿ ಕಾಗದದ ಮೇಲೆ ಚೆನ್ನಾಗಿತ್ತು. ಒಂದು ಗೋಪುರ ಸಾಕು, ತಂತಿ ಎಳೆಯುವ ಗೋಳಿಲ್ಲ. ಆದರೆ ಗೋಪುರ ಆಂಟೆನಾಗೆ ನೇರವಾಗಿ ಕಾಣಬೇಕು. ಎಲೆ ಉದುರಿದಾಗ ಹಾಕಿಕೊಟ್ಟ ಆಂಟೆನಾ ಮರ ಚಿಗುರಿದ ಮೇಲೆ ಕೈಕೊಡುತ್ತದೆ. 2500ರಿಂದ 2690 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ ಅನಲಾಗ್ ಕಾಲಕ್ಕೆ 30 ಚಾನೆಲ್ ತೂರಿಸುವುದೇ ಹೆಚ್ಚು. ಆಮೇಲೆ ಅದೇ ಬ್ಯಾಂಡ್ ಎಷ್ಟೋ ಕಡೆ ಮೊಬೈಲ್ ಡೇಟಾಗೆ ಹೋಯಿತು.

ನನ್ನ ಪ್ರಕಾರ ಪೈಪೋಟಿಯ ದಿಕ್ಕು ಬದಲಿಸಿದ್ದು ಇಂಟರ್ನೆಟ್, ಚಿತ್ರದ ಗುಣಮಟ್ಟ ಅಲ್ಲ. ಡಿಶ್ ಟಿವಿ ಒಂದು ಕಡೆಯ ಹರಿವು. ಕೇಬಲ್‌ನಲ್ಲಿ ಮನೆಯಿಂದ ವಾಪಸ್ ಹೋಗುವ ದಾರಿಯೂ ಇದೆ. ಅದರ ತಲೆನೋವೂ ಇದೆ: ಒಂದು ಮನೆಯ ಸಡಿಲ ಕನೆಕ್ಟರ್‌ನಿಂದ ನುಗ್ಗಿದ ನಾಯ್ಸ್ ಇಡೀ ಬೀದಿಯ ಅಪ್‌ಲೋಡ್ ಕೆಡಿಸುತ್ತದೆ. ಆ ಮನೆ ಹುಡುಕಲು, ಫೈಬರ್ ಮುಗಿದು ಕೇಬಲ್ ಶುರುವಾಗುವ ಪೆಟ್ಟಿಗೆಯಾದ ನೋಡ್‌ನಿಂದ ಶುರುಮಾಡಿ ಒಂದೊಂದೇ ಕವಲು ಬಿಡಿಸುತ್ತಾ ಹೋಗುತ್ತೇನೆ. ಯಾವುದನ್ನು ಬಿಡಿಸಿದಾಗ ನಾಯ್ಸ್ ಇಳಿಯುತ್ತದೋ ಆ ಕಡೆ ನಡೆಯುವುದು.