ಪೈಥಾನ್ ಲೂಪ್‌ನಲ್ಲಿ ಉಳಿದುಹೋಗುತ್ತಿದ್ದ ಖಾಲಿ ಸಾಲು

ಫೈಲಿನ ಖಾಲಿ ಸಾಲುಗಳನ್ನು ತೆಗೆಯುವ ಹಳೇ ಪೈಥಾನ್ ಸ್ಕ್ರಿಪ್ಟ್ ಅದು. ಎರಡು ಖಾಲಿ ಸಾಲು ಒಟ್ಟಿಗೆ ಬಂದರೆ ಒಂದು ಹಾಗೇ ಉಳಿಯುತ್ತಿತ್ತು.

ಪ್ರಿಂಟ್ ಹಾಕಿ ನೋಡಿದೆ. ಸಾಲುಗಳ ಲಿಸ್ಟ್ ಮೇಲೆ ಫಾರ್ ಲೂಪ್ ಓಡುತ್ತಿರುವಾಗಲೇ ಅದೇ ಲಿಸ್ಟ್ ಮೇಲೆ ರಿಮೂವ್ ನಡೆಯುತ್ತಿತ್ತು. ಒಂದನ್ನು ತೆಗೆದ ಕೂಡಲೇ ಅದರ ನಂತರದವೆಲ್ಲ ಒಂದು ಜಾಗ ಹಿಂದಕ್ಕೆ ಸರಿಯುತ್ತವೆ. ಲೂಪ್ ಮಾತ್ರ ಮುಂದಿನ ಇಂಡೆಕ್ಸ್‌ಗೆ (ಸ್ಥಾನ ಸಂಖ್ಯೆಗೆ) ಹೋಗಿಬಿಡುತ್ತದೆ, ನಡುವಿನದು ತಪ್ಪುತ್ತದೆ. ಎರರ್ ಕೂಡ ಬರುವುದಿಲ್ಲ, ಅದೇ ತಲೆನೋವು.

ಇಡೀ ಲೂಪ್ ಅಳಿಸಿ ಲಿಸ್ಟ್ ಕಾಂಪ್ರೆಹೆನ್ಷನ್ ಹಾಕಿದೆ (ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ):

ಸಾಲುಗಳು = [ಸಾ ಫಾರ್ ಸಾ ಇನ್ ಸಾಲುಗಳು ಇಫ್ ಸಾ.ಸ್ಟ್ರಿಪ್()]

ಇದು ಹಳೇ ಲಿಸ್ಟನ್ನು ಕೆದಕದೆ, ಬೇಕಾದ್ದನ್ನಷ್ಟೇ ಆರಿಸಿ ಹೊಸದನ್ನು ಕಟ್ಟುತ್ತದೆ. ಸ್ಟ್ರಿಪ್ ಸಾಲಿನ ಎರಡೂ ತುದಿಯ ಸ್ಪೇಸ್ ತೆಗೆಯುವುದರಿಂದ ಬರೀ ಸ್ಪೇಸ್ ಇದ್ದ ಸಾಲುಗಳೂ ಹೋದವು, ಬೋನಸ್! 2000ದಲ್ಲಿ ಬಂದ ಪೈಥಾನ್ 2.0 ಇಂದಲೂ ಈ ಸೌಲಭ್ಯ ಇದೆ. ಒಂದೇ ಕಂಸದೊಳಗೆ ಮೂರು ಫಾರ್ ತುರುಕುವ ಹಾಗಿದ್ದರೆ ಮಾತ್ರ ನನಗೆ ಹಳೇ ಲೂಪೇ ಸಲೀಸು.